ತೂಕಕ್ಕೊಂದು ದಾರಿ, ಕರೆಂಟಿಗೊಂದು ದಾರಿ

ಹಳೆಯ ಗಿರಣಿ, ವರ್ಕ್‌ಶಾಪ್, ಗೋದಾಮುಗಳ ಮಾಡಿನಿಂದ ಇಳಿದ ದೀಪಗಳು ಈಗ ಮನೆಗಳ ಊಟದ ಮೇಜಿನ ಮೇಲೆ ತೂಗುತ್ತಿವೆ. ಹೊರಗೆ ಕಡುಹಸಿರು, ಒಳಗೆ ಬಿಳಿ ಎನಾಮೆಲ್ ಬಳಿದ ಗಂಟೆಯಾಕಾರದ ಶೇಡು, ಅದರ ನೆತ್ತಿಯ ಮೇಲೆ ಎರಕದ ಅಲ್ಯೂಮಿನಿಯಂ ಡಬ್ಬಿ, ಡಬ್ಬಿಯೊಳಗೆ ಚೋಕು. ಇಲ್ಲವೇ ಗುಜರಾತಿನ ಅಲಂಗ್‌ನಲ್ಲಿ ಒಡೆದ ಹಡಗಿನಿಂದ ಬಂದ, ದಪ್ಪ ಗಾಜು, ಹಿತ್ತಾಳೆ ಜಾಲರಿಯ ದೀಪ. ಚಂದವೇನೋ ಹೌದು. ಆದರೆ ಇವು ಹುಟ್ಟಿದ್ದು ಮನೆಗಾಗಿ ಅಲ್ಲ. ಕಾರ್ಖಾನೆಯಲ್ಲಿ ಇವನ್ನು ಉಕ್ಕಿನ ಟ್ರಸ್ಸಿಗೆ ಕ್ಲಾಂಪ್ ಹಾಕಿ ಬಿಗಿಯುತ್ತಿದ್ದರು. ಕೆಳಗೆ ನಿಂತವನಿಗೆ ಟ್ರಸ್ಸೂ ಕಾಣುತ್ತಿತ್ತು, ಕ್ಲಾಂಪೂ ಕಾಣುತ್ತಿತ್ತು. ಮನೆಯಲ್ಲಿ ಗಾರೆ, ಪುಟ್ಟಿ, ಬಣ್ಣಗಳ ಹಿಂದೆ ಏನಿದೆಯೆಂದು ಮನೆ ಕಟ್ಟಿಸಿದವರಿಗೂ ಎಷ್ಟೋ ಸಲ ನೆನಪಿರುವುದಿಲ್ಲ.

ಕೆಲಸಕ್ಕೆ ಬರುವವರಲ್ಲೂ ಒಂದು ತೊಡಕಿದೆ. ಎಲೆಕ್ಟ್ರಿಷಿಯನ್ ವೈರ್ ನೋಡುತ್ತಾನೆ, ತೂಕ ನೋಡುವುದಿಲ್ಲ. ಗಾರೆಯವನು ತೂತು ಕೊರೆದು ಕೊಡುತ್ತಾನೆ, ಅಲ್ಲಿ ಏನು ನೇತಾಡಲಿದೆ ಎಂದು ಕೇಳುವುದಿಲ್ಲ. ಹೀಗಾಗಿ ದೀಪದ ತೂಕ ಶೇಡಿನಿಂದ ಹೊರಟು ಕಟ್ಟಡದ ಗಟ್ಟಿ ಭಾಗಕ್ಕೆ ಹೇಗೆ ತಲುಪುತ್ತದೆ ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ಯಾರೂ ಯೋಚಿಸಿರುವುದೇ ಇಲ್ಲ. ಆ ಯೋಚನೆ ಮನೆಯವರ ಪಾಲಿನದು. ತೂಕಕ್ಕೆ ಎಲ್ಲೂ ತುಂಡಾಗದ ಒಂದು ದಾರಿ ಬೇಕು. ಆ ದಾರಿಯಲ್ಲಿ ವೈರ್ ಒಂದು ಕೊಂಡಿಯಾಗಿ ಇರಲೇಬಾರದು. ಉಳಿದ ವಿವರವೆಲ್ಲ ಇದರ ಹಿಂದೆ ಬರುತ್ತದೆ.

ಮೊದಲು ತೂಗಿ ನೋಡಿ. ಅಂಗಡಿಯವರು ‘ಅಂಥಾ ಭಾರ ಏನಿಲ್ಲ ಸರ್’ ಎಂದದ್ದು ತೂಕವಲ್ಲ. ಪ್ರಯಾಣದ ಚೀಲ ತೂಗುವ ಕೊಕ್ಕೆ ತಕ್ಕಡಿ ಸಾಕು. ಅದಿಲ್ಲದಿದ್ದರೆ ದೀಪವನ್ನು ತಬ್ಬಿಕೊಂಡು ಮನೆಯ ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆಯಿರಿ. ಗಾಜು, ಬಲ್ಬು, ಸರಪಳಿ, ಮೇಲಿನ ಮುಚ್ಚಳ ಎಲ್ಲವೂ ಲೆಕ್ಕಕ್ಕೆ ಬರಬೇಕು. ಹಳೆಯ ಮಾದರಿಯಂತೆ ಕಾಣಲೆಂದು ಈಗ ತೆಳು ತಗಡಿನಲ್ಲಿ ಮಾಡುವ ಶೇಡುಗಳು ಎರಡು–ಮೂರು ಕಿಲೋ ಇದ್ದಾವು. ಕಾರ್ಖಾನೆಯ ಎತ್ತರದ ಮಾಡಿಗೆಂದು ಮಾಡಿದ ಅಸಲಿ ಹೈಬೇ ದೀಪ ಚೋಕು ಸಮೇತ ಹತ್ತು ಕಿಲೋ ದಾಟುವುದು ಸಾಮಾನ್ಯ.

ಆ ತೂಕದಲ್ಲಿ ದೊಡ್ಡ ಪಾಲು ನಿಮಗೆ ಬೇಕಿಲ್ಲದ್ದು. ಪಾದರಸದ ಆವಿ ಅಥವಾ ಸೋಡಿಯಂ ಆವಿಯ 250, 400 ವ್ಯಾಟ್ ಬಲ್ಬುಗಳಿಗಾಗಿ ಮಾಡಿದ ಈ ಡಬ್ಬಿಗಳಲ್ಲಿ ತಾಮ್ರದ ಸುರುಳಿ ಸುತ್ತಿದ ಕಬ್ಬಿಣದ ಚೋಕು, ಕೆಪ್ಯಾಸಿಟರ್, ಸೋಡಿಯಂ ದೀಪವಾದರೆ ಜೊತೆಗೆ ಇಗ್ನಿಟರ್ ಇರುತ್ತವೆ. ಮನೆಯಲ್ಲಿ ನೀವು ಹಾಕುವುದು ಎಲ್‌ಇಡಿ ಬಲ್ಬು. ಅದಕ್ಕೆ ಇವು ಯಾವುವೂ ಬೇಡ. ಬೇಡ ಅಷ್ಟೇ ಅಲ್ಲ, ಇಗ್ನಿಟರ್ ಬಲ್ಬನ್ನು ಹೊತ್ತಿಸಲು ಸಾವಿರಾರು ವೋಲ್ಟಿನ ಹೊಡೆತ ಕೊಡುವ ವಸ್ತು. ಅದನ್ನು ಹಾಗೇ ಬಿಟ್ಟು ಹೋಲ್ಡರಿಗೆ ಎಲ್‌ಇಡಿ ತಿರುಗಿಸಿದರೆ ಬಲ್ಬು ಹೋಗುತ್ತದೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಿನದೂ ಆಗುತ್ತದೆ. ಎಲ್ಲವನ್ನೂ ತೆಗೆಸಿಬಿಡಿ. ದೀಪ ಹಲವು ಕಿಲೋ ಹಗುರವಾಗುತ್ತದೆ. ಅಷ್ಟು ಹಗುರವಾದ ದೀಪಕ್ಕೆ ಮುಂದಿನ ಕೆಲಸವೆಲ್ಲ ಸುಲಭ.

ತೆಗೆಯುವಾಗ ಎಚ್ಚರ ಬೇಕಾದ ಸಂಗತಿಗಳಿವೆ. ಕೆಪ್ಯಾಸಿಟರಿನಲ್ಲಿ ಕರೆಂಟ್ ಕಡಿದ ಮೇಲೂ ಚಾರ್ಜ್ ಉಳಿದಿರಬಹುದು. ಕೆಲವು ದಶಕಗಳ ಹಿಂದಿನ ಕೆಪ್ಯಾಸಿಟರುಗಳಲ್ಲಿ ಪಿಸಿಬಿ ಎಂಬ ವಿಷಕಾರಿ ಎಣ್ಣೆ ತುಂಬುತ್ತಿದ್ದರು. ಜಿನುಗಿದ್ದು ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಹೋಲ್ಡರಿಗೆ ಹೋಗುವ ಹಳೆಯ ವೈರಿನ ಮೇಲೆ ಬಿಳಿಯ ನಾರಿನ ಹೆಣಿಗೆ ಇದ್ದರೆ ಅದು ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಆಗಿರುವ ಸಾಧ್ಯತೆ ಇದೆ. ಅದನ್ನು ಕೆರೆಯುವುದು, ಒಣಗಿದ್ದಾಗ ಕೀಳುವುದು ಬೇಡ. ಉದುರುವ ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಊಟದ ಮೇಜಿನ ಮೇಲೆ ಅದು ಉದುರದಂತೆ ಹೊಸ ಲೇಪ ಹಾಕಿಸಬೇಕು. ಪಾದರಸದ ಬಲ್ಬು ಬಂದಿದ್ದರೆ ಒಡೆಯದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಇಷ್ಟು ಮಾಡುವ ತಾಳ್ಮೆ ಇಲ್ಲದವರು ಖಾಲಿ ಶೇಡನ್ನು ಮಾತ್ರ ಕೊಳ್ಳುವುದು ಜಾಣತನ.

ಸೂರು ಹೊರುತ್ತದೆ, ಹಿಡಿತ ಬಿಡುತ್ತದೆ

‘ಹದಿನೈದು ಕಿಲೋ ಅಂದರೆ ಮೋಲ್ಡ್ ತಡೆಯುತ್ತಾ?’ ಎಂದು ಕೇಳುವವರು ಹೆಚ್ಚು. ತಡೆಯುತ್ತದೆ. ಮನೆಯ ಕೋಣೆಗಳ ಮಹಡಿಗೆ ಭಾರತೀಯ ಮಾನಕ ಐಎಸ್ 875 ಹೇಳುವ ಬಳಕೆಯ ಹೊರೆ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸರಿಸುಮಾರು 200 ಕಿಲೋ. ಸರಿಯಾಗಿ ಕಟ್ಟಿದ ಆರ್‌ಸಿಸಿ ಸ್ಲ್ಯಾಬಿಗೆ ನಿಮ್ಮ ದೀಪ ಲೆಕ್ಕಕ್ಕೇ ಇಲ್ಲ. ಸೋಲುವುದು ಸ್ಲ್ಯಾಬಲ್ಲ, ಸ್ಲ್ಯಾಬಿಗೂ ದೀಪಕ್ಕೂ ನಡುವಿನ ಹಿಡಿತ. ಅದು ಒಂದೆರಡು ಇಂಚಿನ ಜಾಗದಲ್ಲಿ ನಡೆಯುವ ವ್ಯವಹಾರ.

ಹಾಗಾಗಿ ಹೊಸ ತೂತು ಕೊರೆಯುವ ಮುನ್ನ, ಕಾಂಕ್ರೀಟ್ ಹಾಕುವಾಗಲೇ ಕೂರಿಸಿದ ಹಿಡಿತ ಯಾವುದಾದರೂ ಇದೆಯೇ ನೋಡಬೇಕು. ನಮ್ಮ ಕಡೆಯ ಅನೇಕ ಹಳೆಯ ಮನೆಗಳ ಹಜಾರದಲ್ಲಿ ಉಯ್ಯಾಲೆಗೋ ತೂಗುಮಂಚಕ್ಕೋ ಎಂದು ಬಿಟ್ಟ ದಪ್ಪ ಕೊಂಡಿಗಳಿರುತ್ತವೆ. ಅವುಗಳ ಬಾಲ ಸ್ಲ್ಯಾಬಿನ ಅಥವಾ ಬೀಮಿನ ಕಂಬಿಯ ಮೇಲೆ ಹಾದುಹೋಗಿ, ಕಾಂಕ್ರೀಟಿನೊಳಗೆ ಹೂತಿರುತ್ತದೆ. ಮೂರು ಜನ ಕೂತು ಜೀಕುವ ಹೊರೆಗೆಂದು ಮಾಡಿದ್ದು ಅದು. ತುಕ್ಕು ತಿಂದಿಲ್ಲದಿದ್ದರೆ ಭಾರದ ದೀಪಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಮನೆಯಲ್ಲಿ ಸಿಗುವುದು ಕಷ್ಟ. ದೀಪವನ್ನು ಅಲ್ಲಿಗೆ ಒಯ್ಯಲು ಮೇಜನ್ನೇ ಸರಿಸಬೇಕಾದರೆ ಸರಿಸಿ.

ಅದರ ನಂತರದ್ದು ಫ್ಯಾನ್ ಬಾಕ್ಸ್. ಸ್ಲ್ಯಾಬಿನಲ್ಲಿ ಹೂತ ತಗಡಿನ ಬಾಕ್ಸಿಗೆ ಅಡ್ಡಲಾಗಿ ಒಂದು ಕಬ್ಬಿಣದ ಸರಳು ಇರುತ್ತದೆ. ಫ್ಯಾನ್ ನೇತಾಡುವುದು ಆ ಸರಳಿನಿಂದಲೇ ಹೊರತು ಬಾಕ್ಸಿನಿಂದಲ್ಲ. ಸರಳಿನ ಎರಡೂ ತುದಿ ಬಾಕ್ಸಿನಾಚೆ ಚಾಚಿ ಕಂಬಿಗಳ ಮೇಲೆ ಕೂತು ಕಾಂಕ್ರೀಟಿನಲ್ಲಿ ಸೇರಿದ್ದರೆ ಭದ್ರ. ಬಾಕ್ಸಿನ ಪಕ್ಕದ ತೂತಿಗೆ ಸಿಕ್ಕಿಸಿ ಬಿಟ್ಟಿದ್ದರೆ ಅದು ನಾಲ್ಕೈದು ಕಿಲೋ ಫ್ಯಾನಿಗೆ ಹೇಗೋ ನಡೆದೀತು, ಹದಿನೈದು ಕಿಲೋ ದೀಪಕ್ಕೆ ನಂಬುವಂತಿಲ್ಲ. ಹೊರಗಿನಿಂದ ನೋಡಿ ಹೇಳುವುದು ಸುಲಭವಲ್ಲ. ಅದಕ್ಕೇ ಪರೀಕ್ಷೆ ಬೇಕು, ಮುಂದೆ ಬರುತ್ತದೆ. ಇನ್ನು ಬರೀ ದೀಪದ ಪಾಯಿಂಟಿಗೆಂದು ಬಿಟ್ಟ ದುಂಡನೆಯ ಪ್ಲಾಸ್ಟಿಕ್ ಬಾಕ್ಸ್ ಇದೆಯಲ್ಲ, ಅದು ವೈರ್ ಜೋಡಿಸಲು ಮಾತ್ರ. ಅದರ ಎರಡು ಸಣ್ಣ ಸ್ಕ್ರೂಗಳಿಗೆ ಸೀಲಿಂಗ್ ರೋಸಿನ ಹೊರತು ಬೇರೇನನ್ನೂ ಬಿಗಿಯಬೇಡಿ.

ಉಯ್ಯಾಲೆಯ ಕೊಂಡಿಯೂ ಭದ್ರವಾದ ಫ್ಯಾನ್ ಬಾಕ್ಸೂ ಇಲ್ಲದಿದ್ದರೆ ತೂತು ಕೊರೆದು ಆಂಕರ್ ಬೋಲ್ಟ್ ಹಾಕಬೇಕು. ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಹೆಚ್ಚಿನ ತಪ್ಪುಗಳು ನಡೆಯುವುದು ಇಲ್ಲೇ.

ಗೋಡೆಗೆ ಚಿತ್ರಪಟ ಹಾಕಲು ಬಳಸುವ ಪ್ಲಾಸ್ಟಿಕ್ ಪ್ಲಗ್ ಸೂರಿಗೆ ಆಗದು. ಗೋಡೆಯಲ್ಲಿ ತೂಕ ಸ್ಕ್ರೂವನ್ನು ಅಡ್ಡಕ್ಕೆ ಒತ್ತುತ್ತದೆ; ಪ್ಲಗ್ ಸಡಿಲವಾದರೂ ಸ್ಕ್ರೂ ತೂತಿನಲ್ಲೇ ಕೂತಿರುತ್ತದೆ. ಸೂರಿನಲ್ಲಿ ತೂಕ ನೇರ ಕೆಳಕ್ಕೆ, ತೂತಿನ ಬಾಯಿಯ ಕಡೆಗೇ ಎಳೆಯುತ್ತದೆ. ಅದೂ ಹಗಲೂ ರಾತ್ರಿ, ವರ್ಷಗಟ್ಟಲೆ. ಪ್ಲಾಸ್ಟಿಕ್ ಅಂಥ ಎಳೆತಕ್ಕೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಜಾರುತ್ತ ಹೋಗುತ್ತದೆ. ಹಾಕಿದ ದಿನ ಜೋತುಬಿದ್ದರೂ ಅಲುಗದ್ದು ಮೂರನೆಯ ಬೇಸಿಗೆಯಲ್ಲಿ ಕೆಳಗಿರಬಹುದು.

ಈ ‘ಸದಾ ಎಳೆತ’ದ ಗುಣ ಎಂಥದೆಂದು ಜಗತ್ತಿಗೆ ತಿಳಿಸಿದ್ದು ಎರಡು ಸುರಂಗಗಳು. 2006ರ ಜುಲೈ 10ರಂದು ಅಮೆರಿಕದ ಬಾಸ್ಟನ್ ನಗರದ ‘ಬಿಗ್ ಡಿಗ್’ ಹೆದ್ದಾರಿ ಯೋಜನೆಯ ಸುರಂಗವೊಂದರಲ್ಲಿ ಸೂರಿನ ಕಾಂಕ್ರೀಟ್ ಫಲಕಗಳು ಕಾರಿನ ಮೇಲೆ ಕಳಚಿಬಿದ್ದು ಒಬ್ಬ ಮಹಿಳೆ ಸತ್ತರು. ಫಲಕಗಳನ್ನು ಹಿಡಿದಿದ್ದ ಬೋಲ್ಟುಗಳನ್ನು ಎಪಾಕ್ಸಿ ಅಂಟಿನಿಂದ ಕೂರಿಸಿದ್ದರು. ಬೇಗ ಗಟ್ಟಿಯಾಗುವ ಆ ಬಗೆಯ ಎಪಾಕ್ಸಿ ಒಂದೇ ಸಲದ ಎಳೆತಕ್ಕೆ ಗಟ್ಟಿ, ಬಿಡದ ಎಳೆತಕ್ಕೆ ನಿಧಾನವಾಗಿ ಹರಿಯುವಂಥದ್ದು ಎಂದು ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ಕಂಡುಕೊಂಡಿತು. 2012ರ ಡಿಸೆಂಬರ್ 2ರಂದು ಜಪಾನಿನ ಸಾಸಾಗೊ ಸುರಂಗದಲ್ಲೂ ಸೂರಿನ ಫಲಕಗಳು ಬಿದ್ದು 9 ಜನ ಸತ್ತರು. ಅಲ್ಲಿಯೂ ಅಂಟಿನಿಂದ ಕೂರಿಸಿದ ಬೋಲ್ಟುಗಳೇ ಹಿಡಿತ ಬಿಟ್ಟಿದ್ದವು. ಮನೆಯ ದೀಪಕ್ಕೂ ಸುರಂಗಕ್ಕೂ ಎತ್ತಣ ಸಂಬಂಧ ಎನ್ನಬಹುದು. ಅಂಟಿಗೆ ಅದು ಗೊತ್ತಿಲ್ಲ. ಹೀಗೆ ಅಂಟಿನಿಂದ ಕೂರಿಸುವ ಕೆಮಿಕಲ್ ಆಂಕರ್ ಬೇಡವೆಂದು ನಾನು ಹೇಳುತ್ತಿಲ್ಲ. ತಲೆಯ ಮೇಲಿನ ಸದಾ ಎಳೆತಕ್ಕೆ ಎಂದೇ ಪರೀಕ್ಷಿಸಿದ ಅಂಟು, ಧೂಳು ಪೂರ್ತಿ ಊದಿ ಬ್ರಷ್ ಹಾಕಿ ಮತ್ತೆ ಊದಿದ ತೂತು, ಪೊಟ್ಟಣದ ಮೇಲೆ ಬರೆದಷ್ಟು ಹೊತ್ತಿನ ಒಣಗುವಿಕೆ ಈ ಮೂರೂ ಇಲ್ಲದೆ ಬೇಡ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎರಡು ಟ್ಯೂಬಿನ ಅಂಟನ್ನು ಕಲಸಿ ಬೋಲ್ಟ್ ಕೂರಿಸುವವರನ್ನು ಮನೆಯೊಳಗೆ ಬಿಡಬೇಡಿ.

ಮನೆಗೆ ಸಾಕಾಗುವುದು ಉಕ್ಕಿನ ಹಿಗ್ಗುವ ಆಂಕರ್. ಅದು ಕೆಲಸ ಮಾಡುವ ಬಗೆ ಸರಳ. ಬೋಲ್ಟಿನ ತುದಿಯಲ್ಲಿ ಶಂಕುವಿನಾಕಾರದ ದಪ್ಪ ಇದೆ, ಸುತ್ತ ಸೀಳಿದ ಕೊಳವೆ ಇದೆ. ನಟ್ ಬಿಗಿದಂತೆ ಶಂಕು ಕೊಳವೆಯೊಳಕ್ಕೆ ಸರಿದು ಅದನ್ನು ಹಿಗ್ಗಿಸುತ್ತದೆ, ಕೊಳವೆ ತೂತಿನ ಗೋಡೆಯನ್ನು ಒತ್ತಿಹಿಡಿಯುತ್ತದೆ. ದೀಪ ಕೆಳಕ್ಕೆ ಎಳೆದಷ್ಟೂ ಶಂಕು ಇನ್ನಷ್ಟು ಬಿಗಿಯಾಗುತ್ತದೆ. ಹೊರೆ ಮಿತಿ ಮೀರಿದರೆ ಸಾಮಾನ್ಯವಾಗಿ ಬೋಲ್ಟೊಂದೇ ಬರುವುದಿಲ್ಲ. ತನ್ನ ಸುತ್ತಲಿನ ಕಾಂಕ್ರೀಟನ್ನು ಅಗಲ ಬಾಯಿಯ ಗುಡ್ಡೆಯಾಗಿ ಕಿತ್ತುಕೊಂಡು ಬರುತ್ತದೆ. ಆ ಗುಡ್ಡೆಯ ಗಾತ್ರ ಬೋಲ್ಟ್ ಎಷ್ಟು ಆಳ ಹೋಗಿದೆ ಎಂಬುದರ ಮೇಲೆ ನಿಂತಿದೆ. ಆದ್ದರಿಂದ ದಪ್ಪಕ್ಕಿಂತ ಆಳ ಮುಖ್ಯ. ಆಳವನ್ನು ಅಳೆಯಬೇಕಾದ್ದು ಕಾಂಕ್ರೀಟಿನ ಮೈಯಿಂದ, ಗಾರೆಯ ಮೈಯಿಂದಲ್ಲ. ಸೂರಿನ ಗಾರೆ ಅರ್ಧ ಇಂಚು ಇದ್ದರೆ ಅಷ್ಟೂ ವ್ಯರ್ಥ; ಗಾರೆ ಏನನ್ನೂ ಹಿಡಿಯುವುದಿಲ್ಲ. ಎರಡು ಬೋಲ್ಟು ಹತ್ತಿರ ಹತ್ತಿರ ಹಾಕಿದರೆ ಎರಡೂ ಒಂದೇ ಗುಡ್ಡೆಯನ್ನು ಹಂಚಿಕೊಳ್ಳುತ್ತವೆ, ಬಲ ಇಮ್ಮಡಿಯಾಗುವುದಿಲ್ಲ. ಆಳದ ಮೂರು ಪಟ್ಟು ಅಂತರ ಎರಡು ಬೋಲ್ಟುಗಳ ನಡುವೆ, ಒಂದೂವರೆ ಪಟ್ಟು ಅಂತರ ಅಂಚಿನಿಂದ ಎಂಬುದು ಎಂಜಿನಿಯರುಗಳ ಲೆಕ್ಕ.

ಇನ್ನೊಂದು ಸೂಕ್ಷ್ಮ ಇದೆ. ಸ್ಲ್ಯಾಬು ತನ್ನ ಭಾರಕ್ಕೆ ತುಸುವೇ ಬಾಗುತ್ತದೆ. ಬಾಗಿದಾಗ ಕೋಣೆಯ ನಡುಭಾಗದಲ್ಲಿ ಅದರ ತಳಮೈ ಹಿಗ್ಗುತ್ತದೆ. ಕಾಂಕ್ರೀಟಿಗೆ ಹಿಗ್ಗಲು ಬರುವುದಿಲ್ಲ, ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ಆ ಎಳೆತವನ್ನು ಹೊರಲೆಂದೇ ಕಂಬಿ ಇರುವುದು, ಹಾಗಾಗಿ ಮನೆಗೆ ಅಪಾಯವಿಲ್ಲ. ಆದರೆ ಅಂಥ ಒಂದು ಬಿರುಕು ನಿಮ್ಮ ತೂತನ್ನು ಹಾದುಹೋದರೆ ತೂತು ಅಗಲವಾಗಿ ಆಂಕರಿನ ಹಿಡಿತ ಸಡಿಲುತ್ತದೆ. ಎಲ್ಲರಿಗೂ ದೀಪ ಬೇಕಾಗುವುದು ಕೋಣೆಯ ನಟ್ಟನಡುವೆಯೇ! ಬಿರುಕಿರುವ ಕಾಂಕ್ರೀಟಿಗೂ ಆಗುತ್ತದೆ ಎಂದು ಪ್ರಮಾಣಪತ್ರ ಪಡೆದ ಆಂಕರುಗಳು ಬರುತ್ತವೆ. ಬೆಲೆ ಹೆಚ್ಚು, ಆದರೆ ಒಂದು ದೀಪಕ್ಕೆ ಬೇಕಾಗುವುದು ಎರಡೋ ಮೂರೋ. ಇಲ್ಲಿ ಉಳಿತಾಯ ಮಾಡುವುದರಲ್ಲಿ ಅರ್ಥವಿಲ್ಲ.

ಕೊರೆಯುವಾಗ ಎರಡು ವಸ್ತು ಅಡ್ಡ ಬರುತ್ತವೆ. ಒಂದು ಕಂಬಿ. ಡ್ರಿಲ್ ಬಿಟ್ ಮುಂದೆ ಹೋಗದೆ ಕುಣಿಯತೊಡಗಿದರೆ ಕಂಬಿ ಸಿಕ್ಕಿದೆ ಎಂದರ್ಥ. ಅದನ್ನು ಕೊರೆದು ಗೆಲ್ಲಲು ಹೋಗದೆ ತೂತನ್ನು ಪಕ್ಕಕ್ಕೆ ಸರಿಸಿ, ಬಿಟ್ಟ ತೂತನ್ನು ಕುಗ್ಗದ ಗ್ರೌಟಿನಿಂದ ತುಂಬಿ. ಇನ್ನೊಂದು, ವೈರಿನ ಪೈಪು. ನಮ್ಮಲ್ಲಿ ಮೋಲ್ಡ್ ಹಾಕುವ ಹಿಂದಿನ ದಿನ ಎಲೆಕ್ಟ್ರಿಷಿಯನ್ ಬಂದು ಕಂಬಿಯ ಮೇಲೆ ಪಿವಿಸಿ ಪೈಪ್ ಎಳೆದು ಹೋಗುತ್ತಾನೆ. ಗೋಡೆಯಲ್ಲಿ ಪೈಪು ನೆಟ್ಟಗೆ ಇಳಿಯುತ್ತದೆ, ಸ್ಲ್ಯಾಬಿನಲ್ಲಿ ಮಾತ್ರ ಪೈಪು ಉಳಿಸಲು ಓರೆಯಾಗಿ, ಹತ್ತಿರದ ದಾರಿಯಲ್ಲಿ ಓಡುತ್ತದೆ. ಮನೆ ಕಟ್ಟಿಸುತ್ತಿರುವವರು ಕಾಂಕ್ರೀಟ್ ಸುರಿಯುವ ಮುನ್ನ ಪ್ರತಿ ಕೋಣೆಯ ಪೈಪುಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರೆ ಮುಂದೆ ಯಾವತ್ತಾದರೂ ಅದಕ್ಕೆ ಬೆಲೆ ಬರುತ್ತದೆ. ಉಳಿದವರು ವೈರ್ ಮತ್ತು ಲೋಹ ಪತ್ತೆ ಮಾಡುವ ಡಿಟೆಕ್ಟರ್ ಓಡಿಸಿ ನೋಡಬೇಕು. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಕೆಲವು ಕಡೆ ಸ್ಲ್ಯಾಬಿನೊಳಗೆ ಬಿಗಿದೆಳೆದ ಉಕ್ಕಿನ ಹಗ್ಗಗಳಿರುತ್ತವೆ, ಪೋಸ್ಟ್ ಟೆನ್ಷನ್ ಎನ್ನುತ್ತಾರೆ; ಅಲ್ಲಿ ಕಟ್ಟಡದ ನಕ್ಷೆ ನೋಡದೆ ಡ್ರಿಲ್ ಮುಟ್ಟಬಾರದು.

ಆರ್‌ಸಿಸಿ ಅಲ್ಲದ ಮನೆಗಳು

ಜಿಪ್ಸಮ್ ಫಾಲ್ಸ್ ಸೀಲಿಂಗ್ ಬಗ್ಗೆ ಒಂದೇ ಮಾತು: ಅದು ಪರದೆ, ಸೂರಲ್ಲ. ತೆಳು ತಗಡಿನ ಚಾನೆಲ್ಲುಗಳಿಗೆ ಅಂಟಿದ ಹಲಗೆ ತನ್ನ ಭಾರ ತಾನು ಹೊತ್ತರೆ ಸಾಕು. ಭಾರದ ದೀಪಕ್ಕೆ ಮೇಲಿನ ಸ್ಲ್ಯಾಬಿಗೆ ಆಂಕರ್ ಹಾಕಿ, ಥ್ರೆಡ್ ರಾಡ್ ಇಳಿಸಿ, ಹಲಗೆಯಲ್ಲಿ ಅದು ತಾಗದಷ್ಟು ದೊಡ್ಡ ತೂತು ಬಿಟ್ಟು ಕೆಳಕ್ಕೆ ತರಬೇಕು. ಸೀಲಿಂಗ್ ಹಾಕಿಸುವ ಮೊದಲೇ ಇದನ್ನು ಮಾಡಿಸಿದರೆ ಅರ್ಧ ದಿನದ ಕೆಲಸವೂ ಅಲ್ಲ. ಆಮೇಲೆ ಮಾಡಿಸಿದರೆ ಹಲಗೆ ಒಡೆದು ಹೊಸದಾಗಿ ಬಣ್ಣ ಬಳಿಸಬೇಕು.

ಮಂಗಳೂರು ಹೆಂಚಿನ ಮನೆಯಲ್ಲಿ ಹೆಂಚು ಕೂರುವುದು ರೀಪಿನ ಮೇಲೆ, ರೀಪು ಪಕ್ಕಾಸಿನ ಮೇಲೆ, ಪಕ್ಕಾಸು ತೊಲೆಯ ಮೇಲೆ. ದೀಪಕ್ಕೆ ಬೇಕಾದ್ದು ತೊಲೆ. ರೀಪಿಗೆ ದೀಪ ಕಟ್ಟಿದರೆ ಹೆಂಚಿನ ಸಾಲು ಸೊಟ್ಟಗಾಗಿ ಮೊದಲ ಮಳೆಗೇ ನೀರು ಒಳಗೆ. ತೊಲೆಗೆ ಕೆಳಗಿನಿಂದ ಕೊಕ್ಕೆ ಸ್ಕ್ರೂ ತಿರುಗಿಸುವುದು ಎಲ್ಲರೂ ಮಾಡುವ ಕೆಲಸ, ಭಾರಕ್ಕೆ ಸರಿಯಲ್ಲದ ಕೆಲಸ. ತೊಲೆಯನ್ನು ಸುತ್ತುವರಿಯುವ ಕಬ್ಬಿಣದ ಪಟ್ಟಿ ಕ್ಲಾಂಪನ್ನು ಕಮ್ಮಾರನಲ್ಲಿ ಮಾಡಿಸಿ ಹಾಕಿ; ಮರಕ್ಕೆ ಒಂದು ತೂತೂ ಬೇಡ. ತೂತು ಅನಿವಾರ್ಯವಾದರೆ ತೊಲೆಯ ಪಕ್ಕದಿಂದ, ಎತ್ತರದ ನಡುಮಧ್ಯದಲ್ಲಿ ಅಡ್ಡಲಾಗಿ ಕೊರೆಯಿರಿ. ತೊಲೆ ಬಾಗುವಾಗ ಮೇಲ್ಮೈ ಕುಗ್ಗುತ್ತದೆ, ತಳಮೈ ಹಿಗ್ಗುತ್ತದೆ, ನಡುವೆ ಎರಡೂ ಇಲ್ಲ. ತೂತಿನಿಂದ ಅಲ್ಲಿ ಆಗುವ ನಷ್ಟ ಕಡಿಮೆ. ಅದಕ್ಕೂ ಮೊದಲು ಸುತ್ತಿಗೆಯಿಂದ ತಟ್ಟಿ ಕೇಳಿ. ಗೆದ್ದಲು ತಿಂದ ತೊಲೆ ಹೊರಗೆ ಹೊಳೆಯುತ್ತಿದ್ದರೂ ಒಳಗೆ ಟೊಳ್ಳು ಸದ್ದು ಮಾಡುತ್ತದೆ. ತೊಲೆ ಗೋಡೆಯೊಳಗೆ ಸೇರುವ ತುದಿಗಳನ್ನು ವಿಶೇಷವಾಗಿ ನೋಡಬೇಕು, ಒದ್ದೆಯೂ ಗೆದ್ದಲೂ ಶುರುವಾಗುವುದು ಅಲ್ಲಿ.

ಬೆಂಗಳೂರು, ಮೈಸೂರಿನ ಹಳೆಯ ಬಂಗಲೆಗಳ ಮದ್ರಾಸ್ ತಾರಸಿಯಲ್ಲೂ ಇದೇ ನಿಯಮ: ಮರದ ತೊಲೆಗೆ ಹಾಕಿ, ತೊಲೆಗಳ ನಡುವೆ ಸುಣ್ಣದಲ್ಲಿ ಕೂತ ಇಟ್ಟಿಗೆಗೆ ಕೈಹಚ್ಚಬೇಡಿ. ಖರ್ಚು ಉಳಿಸಲೆಂದು ಸ್ಲ್ಯಾಬಿನೊಳಗೆ ಹೆಂಚು ಅಥವಾ ಟೊಳ್ಳು ಬ್ಲಾಕ್ ಹೂತ ಫಿಲ್ಲರ್ ಸ್ಲ್ಯಾಬ್ ಮನೆಗಳಲ್ಲಿ ಕೆಳಗಿನಿಂದ ಗಟ್ಟಿ ಕಾಂಕ್ರೀಟ್ ಸಿಗುವುದು ಬ್ಲಾಕುಗಳ ನಡುವಿನ ಪಟ್ಟಿಗಳಲ್ಲಿ ಮಾತ್ರ. ಆದರೆ ಕಂಬಿ ಓಡುವುದೂ ಅಲ್ಲೇ. ಕಲ್ಲು ಚಪ್ಪಡಿ ಹೊದಿಸಿದ ಮನೆಗಳಲ್ಲಿ ಹಿಗ್ಗುವ ಆಂಕರ್ ಬೇಡವೇ ಬೇಡ. ಚಪ್ಪಡಿಗೆ ಕಂಬಿಯ ಆಸರೆ ಇಲ್ಲ. ನಡುವೆ ಕೊರೆದು ಒಳಗಿನಿಂದ ಒತ್ತಿದರೆ ಅದು ಸೀಳಬಹುದು. ಅಂಥ ಕಡೆ ಗೋಡೆಯಿಂದ ಗೋಡೆಗೆ ಒಂದು ಕಬ್ಬಿಣದ ಪೈಪು ಅಥವಾ ಚಾನೆಲ್ ಅಡ್ಡ ಕೂರಿಸಿ, ದೀಪವನ್ನು ಅದಕ್ಕೆ ತೂಗುಹಾಕುವುದು ಒಳ್ಳೆಯದು. ಕಾರ್ಖಾನೆಯ ದೀಪಕ್ಕೆ ಕಾಣುವ ಪೈಪು ಒಪ್ಪುತ್ತದೆ ಕೂಡ; ನನ್ನ ಕೇಳಿದರೆ ಸೂರು ಗಟ್ಟಿಯಿರುವ ಮನೆಯಲ್ಲೂ ಅದೇ ಹೆಚ್ಚು ಲಕ್ಷಣ.

ಯಾವ ಬಗೆಯ ಸೂರಾದರೂ ಗಾರೆ ಉದುರಿ ಕಂಬಿಯ ತುಕ್ಕು ಕಾಣುತ್ತಿದ್ದರೆ, ಸೋರಿದ ಕಲೆ ಇದ್ದರೆ, ಅಲ್ಲಿ ದೀಪದ ಮಾತು ನಿಲ್ಲಿಸಿ ಎಂಜಿನಿಯರನ್ನು ಕರೆಸಿ.

ಸರಪಳಿ, ಕೊಂಡಿ, ಎರಡನೆಯ ಸರಪಳಿ

ಆಂಕರಿನಿಂದ ಕೆಳಗೆ ಬರುವ ದಾರಿಯಲ್ಲಿ ಎಷ್ಟು ತುಂಡುಗಳಿವೆಯೋ ಅಷ್ಟು ಅನುಮಾನಗಳು. ಬೋಲ್ಟ್ ಮೇಲಿನ ಕಣ್ಣು, ಪಿನ್ ಹಾಕಿ ಮುಚ್ಚುವ ಕೊಂಡಿಯಾದ ಶ್ಯಾಕಲ್, ಸರಪಳಿ, ಶೇಡಿನ ಕಿವಿ. ಇವುಗಳಲ್ಲಿ ಅತಿ ದುರ್ಬಲವಾದದ್ದೇ ಒಟ್ಟು ಬಲ. ಕಂಬಿ ಬಗ್ಗಿಸಿ ಮಾಡಿದ ಕಣ್ಣಿನ ಬೋಲ್ಟ್ ಭಾರಕ್ಕೆ ಬಿಚ್ಚಿಕೊಳ್ಳುತ್ತದೆ. ಬೆಸುಗೆ ಹಾಕಿ ಮುಚ್ಚಿದ್ದು ಅಥವಾ ಇಡಿಯಾಗಿ ಬಡಿದು ಮಾಡಿದ್ದು ತನ್ನಿ. ಬಾಯಿ ತೆರೆದ ಎಸ್ ಕೊಕ್ಕೆ ಎಲ್ಲೂ ಬೇಡ. ಅಲಂಕಾರದ ಸರಪಳಿಗೂ ಹೊರೆಯ ಸರಪಳಿಗೂ ವ್ಯತ್ಯಾಸ ಗುರುತಿಸಲು ಕೊಂಡಿಯ ಸೇರುವೆ ನೋಡಿ: ಬೆಸುಗೆ ಇದ್ದರೆ ಹೊರೆಯದು, ಬರೀ ಬಗ್ಗಿಸಿ ಮುಟ್ಟಿಸಿದ್ದರೆ ಅಲಂಕಾರದ್ದು. ಹೊರೆಯದಕ್ಕೆ ಎಷ್ಟು ಕಿಲೋ ತಡೆಯುತ್ತದೆ ಎಂಬ ಮಿತಿ ಬರೆದಿರುತ್ತದೆ, ಇಲ್ಲದಿದ್ದರೆ ಕೇಳಿ. ಸರಪಳಿಯ ಬದಲು ತಂತಿಯ ಹಗ್ಗ ಬಳಸಿ ಕ್ಲಿಪ್ ಹಾಕುವುದಾದರೆ, ಕ್ಲಿಪ್ಪಿನ ಯು ಭಾಗ ಮಡಿಸಿದ ತುಂಡು ಬಾಲದ ಮೇಲೆ ಬರಬೇಕು, ಹೊರೆ ಹೊತ್ತ ಎಳೆಯ ಮೇಲೆ ಅಲ್ಲ. ತಿರುಗುಮುರುಗು ಹಾಕಿದ ಕ್ಲಿಪ್ ಹೊರೆಯ ಎಳೆಯನ್ನೇ ಜಜ್ಜುತ್ತದೆ.

ಉದ್ದನೆಯ ದೀಪಕ್ಕೆ ಎರಡು ಸರಪಳಿ ಹಾಕಿದಾಗ ಅವು ನೆಟ್ಟಗಿದ್ದರೆ ತೂಕ ಅರ್ಧರ್ಧ. ಎರಡನ್ನೂ ಒಂದೇ ಕೊಂಡಿಗೆ ಸೇರಿಸಿ ಓರೆ ಮಾಡಿದಷ್ಟೂ ಪ್ರತಿಯೊಂದರ ಎಳೆತ ಏರುತ್ತದೆ. ನಡುವಿನ ಕೋನ 120 ಡಿಗ್ರಿ ಆದಾಗ ಒಂದೊಂದೂ ದೀಪದ ಪೂರ್ತಿ ತೂಕ ಹೊರುತ್ತಿರುತ್ತದೆ. ಜೊತೆಗೆ ಶೇಡಿನ ಕಿವಿಗಳನ್ನು ಒಳಕ್ಕೆ ಬಗ್ಗಿಸುತ್ತಿರುತ್ತದೆ.

ಸರಪಳಿಯ ಬದಲು ಕಬ್ಬಿಣದ ಪೈಪಿನಿಂದ ಇಳಿಬಿಡುವ ದೀಪಗಳಲ್ಲಿ ಅಪಾಯ ಬೇರೆ ಕಡೆಯಿಂದ ಬರುತ್ತದೆ. ಪೈಪು ಮರೆ, ಅಂದರೆ ಥ್ರೆಡ್, ತಿರುಗಿಸಿ ಕೂರಿಸಿದ್ದು. ಶೇಡು ಒರೆಸುವವರು ಅದನ್ನು ಒಂದೇ ದಿಕ್ಕಿಗೆ ತಿರುಗಿಸುತ್ತ ಒರೆಸುತ್ತಾರೆ. ವರ್ಷಕ್ಕೆ ನಾಲ್ಕು ಸಲ ಒರೆಸಿದರೆ ಒಂದು ದಿನ ಮರೆ ಮುಗಿದಿರುತ್ತದೆ. ಪ್ರತಿ ಮರೆಗೂ ಲಾಕ್ ನಟ್ ಇರಬೇಕು, ಅಥವಾ ಪೈಪಿನ ಮೈಗೆ ಅಡ್ಡ ಕಚ್ಚುವ ಸಣ್ಣ ಸ್ಕ್ರೂ ಇರಬೇಕು. ಪೈಪಿನ ಮೇಲ್ತುದಿ ಸ್ವಲ್ಪ ತೂಗಾಡುವಂತೆ ಕೀಲು ಇದ್ದರೆ ಒಳ್ಳೆಯದು. ಗಾಳಿಗೋ ತಲೆ ತಾಗಿಯೋ ಅಲುಗಿದಾಗ ಬಲವೆಲ್ಲ ಆಂಕರಿನ ಬುಡಕ್ಕೆ ಬಗ್ಗುವಿಕೆಯಾಗಿ ಬೀಳುವುದು ತಪ್ಪುತ್ತದೆ.

ರಂಗಮಂದಿರಗಳಲ್ಲಿ ತಲೆಯ ಮೇಲೆ ತೂಗುಹಾಕುವ ದೀಪಗಳಿಗೆ ಕ್ಲಾಂಪಿನ ಜೊತೆಗೆ ಬೇರೆಯದೇ ಒಂದು ಸುರಕ್ಷೆಯ ಸರಪಳಿ ಹಾಕುವ ಪದ್ಧತಿ ಇದೆ. ಮನೆಗೆ ಎರವಲು ತರಬೇಕಾದ ಪದ್ಧತಿ ಇದೊಂದೇ. ಎರಡನೆಯ ಸರಪಳಿ ಎರಡನೆಯ ಆಂಕರಿನಿಂದ ಬರಬೇಕು, ಶೇಡಿನ ಗಟ್ಟಿ ಭಾಗವನ್ನು ನೇರ ಹಿಡಿಯಬೇಕು. ಮೊದಲನೆಯ ಶ್ಯಾಕಲ್ಲಿಗೇ ಸಿಕ್ಕಿಸಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಅದು ತೀರಾ ಸಡಿಲವಿರಬಾರದು, ಬಿದ್ದ ದೀಪ ವೇಗ ಪಡೆದು ಅದನ್ನೂ ಹರಿದೀತು. ಒಂದೆರಡು ಇಂಚು ಸಡಿಲ ಸಾಕು. ಮೊದಲ ಸರಪಳಿ ಎಲ್ಲಕ್ಕಿಂತ ಗಿಡ್ಡ, ಸುರಕ್ಷೆಯದು ತುಸು ಉದ್ದ, ವೈರು ಎಲ್ಲಕ್ಕಿಂತ ಉದ್ದ. ಈ ಅನುಕ್ರಮ ಇದ್ದರೆ ಮೊದಲನೆಯದು ಕಳಚಿದಾಗಲೂ ವೈರಿಗೆ ಎಳೆತ ಬೀಳುವುದಿಲ್ಲ.

ಬರೀ ವೈರಿನಿಂದ ತೂಗುವ ದೀಪಕ್ಕೆ ದೀಪಗಳ ಅಂತರರಾಷ್ಟ್ರೀಯ ಮಾನಕ ಐಇಸಿ 60598 ಹಾಕಿರುವ ಮಿತಿ 5 ಕಿಲೋ. ನೇತಾಡಿಸುವ ಭಾಗಗಳು ದೀಪದ ತೂಕದ ನಾಲ್ಕು ಪಟ್ಟನ್ನು ಹೆಚ್ಚುವರಿಯಾಗಿ ಒಂದು ಗಂಟೆ ಹೊರಬೇಕು ಎಂದೂ ಅದು ಹೇಳುತ್ತದೆ. ಮನೆಯಲ್ಲಿ ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಡ. ಒಂದು ಸಿಮೆಂಟ್ ಮೂಟೆ 50 ಕಿಲೋ; ಒಂದು ಅಕ್ಕಿ ಮೂಟೆ 25 ಕಿಲೋ. ಹತ್ತು ಕಿಲೋ ದೀಪಕ್ಕೆ ಒಂದು ಸಿಮೆಂಟ್ ಮೂಟೆಯನ್ನು ಗಟ್ಟಿ ಹಗ್ಗದಲ್ಲಿ ಅದೇ ಕೊಂಡಿಗೆ ಕಟ್ಟಿ. ಮೂಟೆ ನೆಲದಿಂದ ನಾಲ್ಕು ಬೆರಳು ಮಾತ್ರ ಮೇಲಿರಲಿ, ಕೆಳಗೆ ಹಳೆಯ ಹಾಸಿಗೆ ಹಾಸಿರಲಿ, ಮಕ್ಕಳು ಕೋಣೆಯಲ್ಲಿ ಇರದಿರಲಿ. ಒಂದು ಗಂಟೆಯಲ್ಲ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಆಂಕರಿನ ಸುತ್ತ ಹೊಸ ಬಿರುಕು, ಉದುರಿದ ಪುಡಿ, ಹೊರಜಾರಿದ ಬೋಲ್ಟು ಇಲ್ಲದಿದ್ದರೆ ದೀಪ ಏರಿಸಬಹುದು. ಎರಡೂ ಆಂಕರುಗಳಿಗೆ ಬೇರೆ ಬೇರೆಯಾಗಿ ಈ ಪರೀಕ್ಷೆ ಆಗಲಿ.

ಕರೆಂಟಿನ ದಾರಿ

ಎಂಸಿಬಿ ಆಫ್ ಮಾಡಿದೆವು, ಇನ್ನು ಭಯವಿಲ್ಲ ಎನ್ನುವ ಹಾಗಿಲ್ಲ. ನಮ್ಮ ಮನೆಗಳಲ್ಲಿ ಯುಪಿಎಸ್ ಇದೆ, ಲೈಟು–ಫ್ಯಾನುಗಳ ಸರ್ಕ್ಯೂಟು ಸಾಮಾನ್ಯವಾಗಿ ಅದರ ಮೇಲೇ ಇರುತ್ತದೆ. ಮೇನ್ ಇಳಿಸಿದ ಕೂಡಲೇ ಯುಪಿಎಸ್ ಎದ್ದು ಅದೇ ವೈರಿಗೆ ಬ್ಯಾಟರಿಯಿಂದ 230 ವೋಲ್ಟ್ ಕೊಡುತ್ತದೆ. ಕರೆಂಟ್ ಹೋಗಿರುವ ಹೊತ್ತು ನೋಡಿಕೊಂಡು ಕೆಲಸ ಮಾಡುವವರ ಗತಿಯೂ ಅದೇ. ಯುಪಿಎಸ್ಸನ್ನೂ ಆಫ್ ಮಾಡಿ, ಆಮೇಲೆ ಮಲ್ಟಿಮೀಟರಿನಲ್ಲಿ ಮೂರು ವೈರುಗಳನ್ನೂ ಒಂದಕ್ಕೊಂದು ಹಿಡಿದು ನೋಡಿ. ಟೆಸ್ಟರ್ ಹೊತ್ತಲಿಲ್ಲ ಎಂಬುದು ಸಾಕ್ಷಿಯಲ್ಲ.

ಮೂರು ವೈರು ಎಂದೆ. ಹಳೆಯ ಮನೆಗಳ ದೀಪದ ಪಾಯಿಂಟಿಗೆ ಬರುವುದು ಎರಡೇ: ಫೇಸ್ ಮತ್ತು ನ್ಯೂಟ್ರಲ್. ಪ್ಲಾಸ್ಟಿಕ್ ಹೋಲ್ಡರಿಗೆ ಅಷ್ಟು ಸಾಕಿತ್ತು. ಮೈಯೆಲ್ಲ ಲೋಹವಾದ ದೀಪಕ್ಕೆ ಅರ್ಥ್ ವೈರ್ ಇಲ್ಲದೆ ಆಗದು. ಒಳಗೆ ಎಲ್ಲೋ ವೈರಿನ ಹೊದಿಕೆ ಕಿತ್ತು ಲೋಹಕ್ಕೆ ತಾಗಿದರೆ ಒರೆಸಲು ಹೋದವರ ಕೈಗೆ ಪೂರ್ತಿ ವೋಲ್ಟೇಜ್. ಹಸಿರು ವೈರನ್ನು ಬೋರ್ಡಿನಿಂದ ಹೊಸದಾಗಿ ಎಳೆಸಿ, ಶೇಡಿನ ಬಣ್ಣ ಕೆರೆದ ಬರಿ ಲೋಹಕ್ಕೆ ಬಿಗಿಸಿ. ಸರಪಳಿಯೇ ಅರ್ಥ್ ಆಗುತ್ತದೆ ಎಂಬ ಮಾತಿಗೆ ಕಿವಿಗೊಡಬೇಡಿ. ಮನೆಗೆ, ಕರೆಂಟ್ ಸೋರಿದ ಕೂಡಲೇ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇಲ್ಲದಿದ್ದರೆ ಇದೇ ನೆಪದಲ್ಲಿ ಹಾಕಿಸಿಕೊಳ್ಳಿ.

ದೀಪದೊಳಗಿನ ಹಳೆಯ ವೈರ್ ಎಷ್ಟು ಚೆನ್ನಾಗಿ ಕಂಡರೂ ಪೂರ್ತಿ ತೆಗೆದು ಹೊಸದು ಹಾಕಿಸಿ. ವೈರು ಲೋಹದ ತೂತನ್ನು ದಾಟುವಲ್ಲೆಲ್ಲ ರಬ್ಬರ್ ಬುಷ್ ಇರಲಿ. ದೊಡ್ಡ ತಿರುಪಿನ ಇ40 ಹೋಲ್ಡರ್ ಇದ್ದರೆ ಮನೆಯ ಬಲ್ಬಿಗಾಗಿ ಇ27 ಅಡಾಪ್ಟರ್ ಸಿಗುತ್ತದೆ. ತಿರುಪಿನ ಹೋಲ್ಡರುಗಳಲ್ಲಿ ಫೇಸ್ ತಳದ ನಡುಬಿಂದುವಿಗೆ, ನ್ಯೂಟ್ರಲ್ ತಿರುಪಿನ ಚಿಪ್ಪಿಗೆ ಹೋಗಬೇಕು. ಅದಲುಬದಲಾದರೆ ಬಲ್ಬು ಹಾಗೇ ಉರಿಯುತ್ತದೆ, ಬಲ್ಬು ಬದಲಿಸುವ ಬೆರಳಿಗೆ ಶಾಕ್ ಕಾದಿರುತ್ತದೆ. ಪೂರ್ತಿ ಮುಚ್ಚಿದ ಹಡಗು ದೀಪದ ಗಾಜಿನೊಳಗೆ ಎಲ್‌ಇಡಿ ಬಿಸಿಯಾಗಿ ಬೇಗ ಸಾಯುತ್ತದೆ, ಕಡಿಮೆ ವ್ಯಾಟಿನದು ಹಾಕಿ. ಈ ಕೆಲಸವೆಲ್ಲ ಕರ್ನಾಟಕದ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರುವವರಿಂದ ಆಗಲಿ.

ದೀಪ ಏರಿಸುವುದು ಇಬ್ಬರ ಕೆಲಸ, ಮಂಚದ ಮೇಲೆ ಸ್ಟೂಲ್ ಇಟ್ಟು ಮಾಡುವುದಲ್ಲ. ಸುರಕ್ಷೆಯ ಕೊಂಡಿಯಲ್ಲಿ ಹಗ್ಗ ಹಾಯಿಸಿ ಕೆಳಗಿದ್ದವರು ಎಳೆದು ಹಿಡಿದರೆ, ಏಣಿಯ ಮೇಲಿನವರ ಎರಡೂ ಕೈ ಶ್ಯಾಕಲ್ ಬಿಗಿಯಲು ಬಿಡುವಾಗುತ್ತವೆ. ಶ್ಯಾಕಲ್ಲಿನ ಪಿನ್ನಿಗೆ ತಂತಿ ಸುತ್ತಿ ಕಟ್ಟಿ, ತಾನಾಗಿ ಬಿಚ್ಚದಂತೆ. ಓಡಾಡುವ ಜಾಗದಲ್ಲಿ ಶೇಡಿನ ಅಂಚು ಏಳಡಿಗಿಂತ ಕೆಳಗೆ ಬರಬಾರದು. ಊಟದ ಮೇಜಿನ ಮೇಲಾದರೆ ಮೇಜಿನಿಂದ ಎರಡೂವರೆ–ಮೂರಡಿ. ಫ್ಯಾನಿನ ರೆಕ್ಕೆಗೆ ತೂಗಾಡಿದರೂ ತಾಗದಷ್ಟು ದೂರ. ಮಂಚದ ಮೇಲೆ, ತೊಟ್ಟಿಲ ಮೇಲೆ ಎಷ್ಟೇ ಭದ್ರವಾಗಿದ್ದರೂ ಬೇಡ ಎನ್ನುವುದು ನನ್ನ ಹಟ.

ಆಯುಧಪೂಜೆಗೆ ಮನೆಯ ಸಾಮಾನೆಲ್ಲ ಇಳಿಸಿ ಒರೆಸುವ ದಿನ ಏಣಿ ಹೇಗೂ ಹೊರಗೆ ಬಂದಿರುತ್ತದೆ. ಆಗ ಮುಚ್ಚಳ ಸರಿಸಿ ನಟ್ಟುಗಳನ್ನು ಸ್ಪ್ಯಾನರಿನಿಂದ ಮುಟ್ಟಿ ನೋಡಿ. ಮೊದಲೇ ನಟ್ಟಿಗೂ ಬೋಲ್ಟಿಗೂ ಸೇರಿಸಿ ಒಂದು ಬಣ್ಣದ ಗೆರೆ ಎಳೆದಿದ್ದರೆ ಗೆರೆ ಮುರಿದಿದೆಯೋ ಇಲ್ಲವೋ ಎಂದು ನೋಡಿದರೆ ಸಾಕು. ಕರಾವಳಿಯ ಉಪ್ಪುಗಾಳಿಯಲ್ಲಿ ಮಾಮೂಲಿ ಕಬ್ಬಿಣದ ಸರಪಳಿ ಬೇಗ ತೆಳುವಾಗುತ್ತದೆ, ಅಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಹಾಕಿ, ಮಳೆಗಾಲ ಮುಗಿದ ಮೇಲೆ ಇನ್ನೊಂದು ಸಲ ನೋಡಿ. ಇವೆರಡರ ನಡುವೆ ಯಾವತ್ತಾದರೂ ಮೇಜು ಒರೆಸುವಾಗ ದೀಪದ ನೇರ ಕೆಳಗೆ ಬಿಳಿ ಗಾರೆಪುಡಿಯೋ ಕಂದು ತುಕ್ಕಿನ ಪುಡಿಯೋ ಎರಡನೆಯ ಸಲ ಕಂಡರೆ, ಎಲೆಕ್ಟ್ರಿಷಿಯನ್ ಭಾನುವಾರ ಬರುತ್ತಾನೆಂದು ಕಾಯಬೇಡಿ. ಮೇಜನ್ನು ಪಕ್ಕಕ್ಕೆ ಎಳೆದು, ಅವತ್ತೇ ದೀಪ ಇಳಿಸಿ.